ಎಬಿಎಸ್ ದೀಪ ಹತ್ತಿದಾಗ

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಕಾರು ರಿಪೇರಿ ಮಾಡುವವನು. ಇವತ್ತು ಒಂದೇ ಮಾತು ಹೇಳೋಕೆ ಬಂದಿದ್ದೇನೆ. ಎಬಿಎಸ್ ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ ಏರ್ಪಾಡು. ಮೀಟರ್‌ನಲ್ಲಿ ಎಬಿಎಸ್ ಅಂತ ಹಳದಿ ದೀಪ ಹತ್ತಿದರೆ ಗಾಬರಿ ಬೇಡ. ಆದರೆ ಮೆಕ್ಯಾನಿಕ್ ಮೊದಲು ಚಕ್ರಗಳ ವೇಗದ ಅಂಕಿ ನೋಡಲಿ, ಆಮೇಲೆ ಸ್ಪ್ಯಾನರ್ ಹಿಡಿಯಲಿ.

ನಾಲ್ಕು ಚಕ್ರಕ್ಕೂ ಒಂದೊಂದು ಸೆನ್ಸರ್ ಇರುತ್ತದೆ. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಹೇಳೋದು ಅದರ ಕೆಲಸ. ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ನಿಂತು ಜಾರತೊಡಗಿದರೆ, ಎಬಿಎಸ್ ಆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ತಿರುವಿನಲ್ಲಿ ಕಾರು ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುವ ಇಎಸ್‌ಪಿಗೂ ಇದೇ ಸೆನ್ಸರ್ ಬೇಕು. ಅದಕ್ಕೇ ಸೆನ್ಸರ್ ಒಂದು ತಪ್ಪಿದರೆ ಎರಡೂ ದೀಪ ಹತ್ತುತ್ತವೆ. ‘ನಂದು ಸಣ್ಣ ಕಾರು, ನಂಗೆ ಇದೆಲ್ಲ ಯಾಕೆ’ ಅನ್ನಬೇಡಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ಮಗಳು ಮಣಿಪಾಲದಲ್ಲಿ ಓದುತ್ತಾಳೆ. ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿಯಬೇಕು, 14 ಹೇರ್‌ಪಿನ್ ತಿರುವು. ಅವರ ಕಾರಿನ ದೀಪ ಹತ್ತೋದು ಅಲ್ಲಿ ಮಾತ್ರ! ಕೆಳಗೆ ಸೋಮೇಶ್ವರದಲ್ಲಿ ಕಾಫಿ ಕುಡಿದು ಮತ್ತೆ ಸ್ಟಾರ್ಟ್ ಮಾಡಿದರೆ ದೀಪವೇ ಇಲ್ಲ. ಒಂದು ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರ್ ಕೊಡುವ ದೋಷದ ಕೋಡ್ ನೋಡಿ, ಮುಂದಿನ ಎಡ ಚಕ್ರದ ಸೆನ್ಸರ್ ಹೋಗಿದೆ ಅಂತ ಹೊಸದು ಹಾಕಿದರು. ದೀಪ ಮತ್ತೆ ಬಂತು. ಹಾಗಾದರೆ ಎಬಿಎಸ್ ನಡೆಸುವ ಯೂನಿಟ್ಟೇ ಬದಲಿಸಬೇಕು ಅಂದರಂತೆ.

ನಾನು ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚಿ, ನಾಲ್ಕೂ ಚಕ್ರದ ವೇಗ ತೆರೆದೆ. ನೇರ ರಸ್ತೆಯಲ್ಲಿ ನಾಲ್ಕೂ ಕಡೆ ಗಂಟೆಗೆ 20 ಕಿಲೋಮೀಟರ್. ‘ಎಲ್ಲಾ ಸರಿ ಇದೆಯಲ್ಲ ಸಾರ್!’ ಅಂದರು. ಒಂದು ಬಯಲಿಗೆ ಹೋಗಿ ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಸುತ್ತು ಹೊಡೆಸಿದೆ. ಹೊರಗಿನ ಚಕ್ರದ ಅಂಕಿ ಜಾಸ್ತಿ ಬಂತು, ಅದು ಬರಲೇಬೇಕು. ಅರ್ಧ ಸುತ್ತಿಗೆ ಎಡ ಮುಂದಿನದು 14 ಇದ್ದದ್ದು ಸಟ್ಟನೆ ಸೊನ್ನೆ, ಮತ್ತೆ 14. ಓಡುತ್ತಿರುವ ಚಕ್ರ ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತು ಓಡುತ್ತಾ?

ಇಳಿದು ನೋಡಿದೆ. ಶಾಕ್ ಅಬ್ಸಾರ್ಬರ್ ಹಿಂದೆ ಹೋಗುವ ವೈರ್, ಮೇಲೆ ರಬ್ಬರ್ ಹೊಸದರಂತಿದೆ. ಬೆರಳಲ್ಲಿ ಮಡಿಸಿದರೆ ಒಂದೇ ಜಾಗದಲ್ಲಿ ಬಸಳೆ ದಂಟಿನ ಹಾಗೆ ಮೆತ್ತಗೆ. ಒಳಗೆ ತಾಮ್ರ ತುಂಡಾಗಿತ್ತು. ಸ್ಟೀರಿಂಗ್ ಪೂರ್ತಿ ತಿರುಗಿದಾಗ ಮಾತ್ರ ಬಿಟ್ಟುಕೊಳ್ಳುತ್ತಿತ್ತು. ಆ ಕಾರಿನಲ್ಲಿ ಸೆನ್ಸರ್‌ಗೂ ವೈರಿಗೂ ನಡುವೆ ಸಾಕೆಟ್ ಇದೆ. ಸೆನ್ಸರ್ ಹೊಸದು, ವೈರ್ ಹಳೇದು! ಕೋಡ್ ಬೀದಿ ಹೇಳುತ್ತೆ ಸ್ವಾಮಿ, ಮನೆ ಹೇಳಲ್ಲ. ಯೂನಿಟ್‌ಗೆ ಏನೂ ಆಗಿರಲಿಲ್ಲ. ಅಂಕಿ ನೋಡಿದ್ದರೆ ಸಾಕಿತ್ತು.

ಅಯ್ಯೋ, ಕೈ ಸನ್ನೆ ಮಾಡ್ತಿದ್ದಾರೆ, ಸಮಯ ಆಯ್ತು. ಬೇಗ ಹೇಳಿಬಿಡ್ತೇನೆ. ಒಣ ರಸ್ತೆಯಲ್ಲಿ ಕಾರು ಇನ್ನೇನು ನಿಲ್ಲುವಾಗ ಪೆಡಲ್ ಗಡಗಡ ಅಂದರೆ ಸೆನ್ಸರ್ ಎದುರು ಚಕ್ರದ ಜೊತೆ ತಿರುಗುವ ಉಂಗುರ ನೋಡಿಸಿ, ಬಿರುಕೋ ತುಕ್ಕೋ ಇರಬಹುದು. ಮಳೆಗಾಲದಲ್ಲಿ ಇಲಿ ವೈರ್ ಕಡಿಯುತ್ತೆ. ಹಳದಿ ಒಂದೇ ಇದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತೆ, ನಿಧಾನವಾಗಿ ಗ್ಯಾರೇಜಿಗೆ ಹೋಗಿ, ಘಾಟಿ ಮಾತ್ರ ಇಳಿಯಬೇಡಿ. ಜೊತೆಗೆ ಕೆಂಪು ಬ್ರೇಕ್ ದೀಪವೂ ಇದ್ದರೆ ಕಾರು ನಿಲ್ಲಿಸಿ.

ಗ್ಯಾರೇಜಿನಲ್ಲಿ ‘ನಾಲ್ಕೂ ಚಕ್ರದ ಅಂಕಿ ತೋರಿಸಿ’ ಅಂತ ಕೇಳಿ. ಮುಖ ಗಂಟು ಹಾಕಿಕೊಂಡರೆ ಬೇರೆ ಗ್ಯಾರೇಜ್ ನೋಡಿ. ನಮಸ್ಕಾರ.