ಮಳೆಯಲ್ಲಿ ನಿಂತು ನೋಡಬೇಕು ಜಾಗವನ್ನು

ನಮಸ್ಕಾರ ಕೇಳುಗರೇ. ನಾನು ಆರ್ಕಿಟೆಕ್ಟ್. ಹಾಸನದಲ್ಲಿದ್ದುಕೊಂಡು ಸುತ್ತಮುತ್ತಲ ಊರುಗಳಲ್ಲಿ ಮನೆ ಕಟ್ಟಿಸುತ್ತೇನೆ. ಪರಿಸರಕ್ಕೆ ಹೊರೆಯಾಗದ ಮನೆ ಬೇಕು ಅಂತ ಬರುವವರು ಈಗ ಜಾಸ್ತಿ. ಸೋಲಾರ್ ಹಾಕಿಸಿದರೆ ಆಯ್ತಲ್ವಾ ಅಂತ ಕೇಳುತ್ತಾರೆ. ಸೋಲಾರ್ ಬೇಕು, ಆದರೆ ಅದು ಕೊನೆಗೆ ಬರುವ ಮಾತು.

5 ವರ್ಷ ಬಿ.ಆರ್ಕ್ ಓದಿ ಬಂದ ಹೊಸತರಲ್ಲಿ ಸಕಲೇಶಪುರದ ಹತ್ತಿರ ಒಂದು ಮನೆಗೆ ಪ್ಲಾನ್ ಮಾಡಿದೆ. ಚಪ್ಪಟೆ ತಾರಸಿ, ಸೂರೇ ಇಲ್ಲದ ಗೋಡೆ, ಪಡುವಣಕ್ಕೆ ದೊಡ್ಡ ಕಿಟಕಿ. ಮುಂಗಾರು ಬಡಿಯುವುದೇ ಆ ಕಡೆಯಿಂದ. ಆಷಾಢ ಬರುವಷ್ಟರಲ್ಲಿ ಗೋಡೆ ಒಳಗಡೆಯೂ ಒದ್ದೆ, ಬೀರುವಿನ ಬಟ್ಟೆಗೆಲ್ಲ ಬೂಷ್ಟು. ಮರುವರ್ಷ ಮನೆಯವರು ತಾರಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸಿದರು. ಒಂದು ಮನೆಗೆ ಎರಡು ಮಾಡಿನ ಖರ್ಚು, ಅದಕ್ಕೆ ಕಾರಣ ನಾನು. ಆ ಮನೆಯ ಅಜ್ಜಿ ಮಾತ್ರ ಬೈಯಲಿಲ್ಲ. ಪಕ್ಕದ ಹಳೇ ಹೆಂಚಿನ ಮನೆಗೆ ಕರೆದುಕೊಂಡು ಹೋಗಿ, ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಸುಮ್ನೆ ಮೇಲೆ ನೋಡು ಮಗಾ ಅಂದರು. ಹೊರಗೆ ಜಡಿಮಳೆ. ಸೂರು ಎಷ್ಟು ಮುಂದಕ್ಕೆ ಚಾಚಿತ್ತೆಂದರೆ ಮಣ್ಣಿನ ಗೋಡೆಗೆ ಹನಿ ನೀರು ತಾಗುತ್ತಿರಲಿಲ್ಲ.

ಅರಸೀಕೆರೆ ಕಡೆ ಲೆಕ್ಕ ಬೇರೆ. ಅದೂ ನಮ್ಮ ಜಿಲ್ಲೆಯೇ, ಆದರೆ ಬಯಲುಸೀಮೆ. ಅಲ್ಲಿ ತಾರಸಿ ಇರಲಿ, ಬಿದ್ದ ಮಳೆ ಮಾತ್ರ ತೊಟ್ಟಿಗೆ ಇಳಿಯಬೇಕು. 1,000 ಚದರ ಅಡಿ ತಾರಸಿ ಮೇಲೆ 1 ಸೆಂಟಿಮೀಟರ್ ಮಳೆ ಸುರಿದರೆ 900 ಲೀಟರ್‌ಗೂ ಜಾಸ್ತಿ ನೀರು. ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕುವಾಗ ಕಂಬಿಗಳ ನಡುವೆ ಹಳೇ ಮಂಗಳೂರು ಹೆಂಚು ಜೋಡಿಸಿದರೆ ಕಾಂಕ್ರೀಟ್ ಉಳಿಯುತ್ತದೆ, ಬಿಸಿಲಿನ ಕಾವೂ ಕಡಿಮೆ. ಮೋಲ್ಡಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ, ಕಾಂಕ್ರೀಟಲ್ಲ; ಹಾಗಾಗಿ ಅಲ್ಲಿ ಒಂದಷ್ಟು ಕಾಂಕ್ರೀಟ್ ಬದಲು ಹೆಂಚು ಕೂತರೂ ನಡೆಯುತ್ತದೆ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಇದನ್ನು ಎಷ್ಟೋ ಮನೆಗಳಲ್ಲಿ ಮಾಡಿ ತೋರಿಸಿದರು.

ಗೋಡೆಗೆ ನನಗೆ ಇಷ್ಟವಾದದ್ದು ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನುವ ಕೇಂದ್ರದವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಸೇರಿಸಿ ಒತ್ತಿ, ಮೂರು ವಾರ ನೀರು ಹಾಕಿದರೆ ಆಯಿತು. ಸುಡುವುದೇ ಬೇಡ, ಸೌದೆ ಬೇಡ. ಪಾಯ ತೆಗೆದ ಮಣ್ಣೇ ಸಾಕಾಗಬಹುದು, ಜೇಡಿ ಜಾಸ್ತಿ ಇದ್ದರೆ ಮರಳು ಬೆರೆಸಬೇಕು. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಡಿ. ಮರಳು ಮೊದಲು ತಳ ಸೇರುತ್ತದೆ, ಜೇಡಿ ಕೊನೆಗೆ. ಪದರ ನೋಡಿದರೆ ಅಂದಾಜು ಸಿಗುತ್ತದೆ.

ಈಗ ಮಲೆನಾಡಿನಿಂದ ಯಾರೇ ಕರೆದರೂ ಜುಲೈಯಲ್ಲಿ ಒಂದು ಸಲ ಬರುತ್ತೇನೆ ಅನ್ನುತ್ತೇನೆ. ಕೊಡೆ ಹಿಡಿದು ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹರಿಯುತ್ತದೆ ಅಂತ ನೋಡಿಕೊಂಡ ಮೇಲೆಯೇ ಪೆನ್ಸಿಲ್ ಹಿಡಿಯುವುದು.