ಅಧ್ಯಕ್ಷರ ಡೋಂಗಲ್ ಯಾರ ಹತ್ತಿರ ಇದೆ?

ನಮಸ್ಕಾರ, ಎಲ್ಲರಿಗೂ ಸ್ವಾಗತ.

ಹೋದ ಸಂಚಿಕೆ ಕೆಳಗೆ ಬಿದ್ದಿರೋ ಒಂದು ಕಾಮೆಂಟ್ ಓದ್ತೀನಿ, ಕೇಳಿ. "ಪಂಚಾಯ್ತೀಲಿ ಹೆಂಗಸರಿಗೆ ಅರ್ಧಕ್ಕೆ ಅರ್ಧ ಸೀಟು ಕೊಟ್ಟು ಏನ್ ಉದ್ಧಾರ ಆಯ್ತು? ಆಡಳಿತ ನಡೆಸೋದು ಗಂಡನೇ ತಾನೆ?" ಅದರ ಕೆಳಗೆ ಲೈಕ್ ಮೇಲೆ ಲೈಕು. ಬರೆದವರ ಹೆಸರು ಹೇಳಲ್ಲ. ಯಾಕಂದ್ರೆ ಇದು ಅವರೊಬ್ಬರ ಮಾತಲ್ಲ, ಊರೂರ ಅರಳಿಕಟ್ಟೆ ಮೇಲೆ ದಿನಾ ಕೇಳೋ ಮಾತು. ಅದಕ್ಕೇ ನನಗೆ ಇಷ್ಟು ಸಿಟ್ಟು.

ನನ್ನದು ಒಂದೇ ಪ್ರಶ್ನೆ. ನಿಮ್ಮೂರ ಪಂಚಾಯ್ತಿ ಅಧ್ಯಕ್ಷೆಯ ಡೋಂಗಲ್ ಈ ಹೊತ್ತು ಯಾರ ಹತ್ತಿರ ಇದೆ?

ಗೊತ್ತಿಲ್ಲದವರಿಗೆ ಹೇಳ್ಬಿಡ್ತೀನಿ. ಮುಂಚೆ ಪಂಚಾಯ್ತಿ ದುಡ್ಡು ಹೊರಗೆ ಹೋಗಬೇಕಾದ್ರೆ ಚೆಕ್ ಮೇಲೆ ಎರಡು ಸಹಿ ಬೀಳಬೇಕಿತ್ತು. ಅಧ್ಯಕ್ಷರದ್ದೊಂದು, ಪಿಡಿಒ ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯದ್ದೊಂದು. ಈಗ ಕೇಂದ್ರ ಹಣಕಾಸು ಆಯೋಗದ ಅನುದಾನ ಎಲ್ಲ ಇ-ಗ್ರಾಮ ಸ್ವರಾಜ್ ಅನ್ನೋ ಸರ್ಕಾರಿ ಪೋರ್ಟಲ್ ಮೂಲಕ ಆನ್‌ಲೈನ್ ಪಾವತಿ. ಒಬ್ಬರು ಬಿಲ್ ಸಿದ್ಧ ಮಾಡಿ ಡಿಜಿಟಲ್ ಸಹಿ ಹಾಕ್ತಾರೆ, ಇನ್ನೊಬ್ಬರು ನೋಡಿ ತಮ್ಮ ಡಿಜಿಟಲ್ ಸಹಿ ಹಾಕಿ ಒಪ್ಪಿಗೆ ಕೊಡ್ತಾರೆ. ಆ ಸಹಿ ಕೂತಿರೋದು ಹೆಬ್ಬೆರಳಿನಷ್ಟು ಉದ್ದದ ಒಂದು ಯುಎಸ್‌ಬಿ ಕಡ್ಡಿ ಒಳಗೆ. ಅದೇ ಡೋಂಗಲ್. ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದ್ರೆ ಮುಗೀತು, ದುಡ್ಡು ಗುತ್ತಿಗೆದಾರನ ಖಾತೆಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ಆ ಡಿಜಿಟಲ್ ಸಹಿಗೂ ಕೈಯಲ್ಲಿ ಹಾಕಿದ ಸಹಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸ ಇಲ್ಲ.

ಈಗ ಎಷ್ಟೋ ಕಡೆ ಆಗೋದು ಏನು? ಡೇಟಾ ಎಂಟ್ರಿ ಆಪರೇಟರ್ ಮೇಜಿನ ಡ್ರಾಯರ್ ಎಳೀರಿ. ಪಿಡಿಒ ಡೋಂಗಲ್ಲೂ ಅಧ್ಯಕ್ಷರ ಡೋಂಗಲ್ಲೂ ಒಂದೇ ರಬ್ಬರ್ ಬ್ಯಾಂಡ್‌ನಲ್ಲಿ ಜೋಡಿಯಾಗಿ ಬಿದ್ದಿರುತ್ತೆ. ಹಿಂದೆ ಸೆಲ್ಲೋಟೇಪ್ ಹಾಕಿ ಅಂಟಿಸಿದ ಚೀಟಿ, ಚೀಟಿ ಮೇಲೆ ಪಿನ್. ಇನ್ನೂ ಕೆಲವು ಕಡೆ ಅಧ್ಯಕ್ಷೆಯ ಡೋಂಗಲ್ ಗಂಡನ ಬೈಕಿನ ಕೀ ಗೊಂಚಲಲ್ಲಿ ನೇತಾಡ್ತಿರುತ್ತೆ. ನೋಂದಣಿಗೆ ಕೊಟ್ಟಿರೋ ಮೊಬೈಲ್ ನಂಬರೂ ಗಂಡನದ್ದೇ. ಒಟಿಪಿ ಬಂದ್ರೂ ಅವನಿಗೇ, ಮೆಸೇಜ್ ಬಂದ್ರೂ ಅವನಿಗೇ. ತಾನು ಎಷ್ಟು ಲಕ್ಷಕ್ಕೆ ಸಹಿ ಹಾಕಿದ್ದೀನಿ ಅನ್ನೋದು ಆಕೆಗೆ ಗೊತ್ತಾಗೋ ದಾರಿಯೇ ಇಲ್ಲ.

ಹಂಗಾದ್ರೆ ತಪ್ಪು ಮೀಸಲಾತಿಯದ್ದಾ? ಡೋಂಗಲ್ ಕಿತ್ಕೊಂಡವನದ್ದಾ?

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು, ಅದನ್ನ ಎದೆ ತಟ್ಟಿ ಹೇಳ್ತೀನಿ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ ಆಗಿದ್ದ ಕಾಲದ 1983ರ ಕಾಯ್ದೆ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಕೊಟ್ಟಿತು. 1987ರಲ್ಲಿ ಆ ಲೆಕ್ಕದಲ್ಲೇ ಚುನಾವಣೆ ನಡೀತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ದೇಶಕ್ಕೆಲ್ಲ ಮೂರನೇ ಒಂದು ಅಂತ ಆಗಿದ್ದು 1993ರ ಏಪ್ರಿಲ್ 24ಕ್ಕೆ. 2010ರಲ್ಲಿ ನಮ್ಮ ರಾಜ್ಯ ಅದನ್ನ ಶೇ 50ಕ್ಕೆ ಏರಿಸಿತು, ಅಧ್ಯಕ್ಷ ಸ್ಥಾನದಲ್ಲೂ. ಅದೇ ರಾಜ್ಯದ ವಿಧಾನಸಭೆ ನೋಡಿ. 2023ರ ಚುನಾವಣೆಯಲ್ಲಿ 224 ಜನರಲ್ಲಿ ಗೆದ್ದ ಹೆಣ್ಣುಮಕ್ಕಳು 10. ಬರೀ ಹತ್ತು! ಕಾನೂನು ಕೈ ಹಿಡಿದ ಕಡೆ ಅರ್ಧ, ಪಕ್ಷಗಳ ಮರ್ಜಿಗೆ ಬಿಟ್ಟ ಕಡೆ ನೂರಕ್ಕೆ ಐದೂ ಇಲ್ಲ. ಮೀಸಲಾತಿ ದಂಡ ಅನ್ನೋರು ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಕೊಂಡು ಮಾತಾಡಲಿ.

"ಸೀಟು ಸಿಕ್ತು, ಬದಲಾವಣೆ ಏನಾಯ್ತು" ಅಂತೀರಲ್ಲ, ಅದಕ್ಕೂ ಉತ್ತರ ಇದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತೆ ಎಸ್ತರ್ ಡುಫ್ಲೊ, ಹೌದು, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚ್ಕೊಂಡವರಲ್ಲಿ ಒಬ್ಬರಾದ ಅದೇ ಡುಫ್ಲೊ, 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಪಶ್ಚಿಮ ಬಂಗಾಳದ ಬೀರಭೂಮ್, ರಾಜಸ್ಥಾನದ ಉದಯಪುರ, ಎರಡೂ ಕಡೆ ಸೇರಿ 265 ಪಂಚಾಯ್ತಿ. ಹೆಣ್ಣುಮಕ್ಕಳಿಗೆ ಮೀಸಲಾದ ಪಂಚಾಯ್ತಿಗಳಲ್ಲಿ ಕುಡಿಯೋ ನೀರಿಗೆ ಹೆಚ್ಚು ಕೆಲಸ ಆಗಿತ್ತು, ಎರಡೂ ರಾಜ್ಯದಲ್ಲಿ. ಯಾಕೆ? ಪಂಚಾಯ್ತಿ ಮುಂದೆ ನೀರಿನ ದೂರು ಹೊತ್ಕೊಂಡು ಬರ್ತಿದ್ದವರು ಜಾಸ್ತಿ ಹೆಂಗಸರೇ. ಕೇಳೋರೂ ಹೆಂಗಸರು, ಕುರ್ಚಿ ಮೇಲೂ ಹೆಂಗಸು. ದುಡ್ಡು ಹರಿಯೋ ದಿಕ್ಕು ಬದಲಾಯ್ತು.

ಈ ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಡೋಂಗಲ್ಲಿನ ಬೆಲೆ ಗೊತ್ತಾಗೋದು ಇಲ್ಲೇ. 15ನೇ ಹಣಕಾಸು ಆಯೋಗ 2021–22ರಿಂದ ಕೊಟ್ಟ ಪಂಚಾಯ್ತಿ ಅನುದಾನದಲ್ಲಿ ಶೇ 60 ಭಾಗ ಬೇರೆ ಯಾವುದಕ್ಕೂ ಮುಟ್ಟೋ ಹಾಗಿರಲಿಲ್ಲ. ಶೇ 30 ನೈರ್ಮಲ್ಯಕ್ಕೆ, ಶೇ 30 ಕುಡಿಯೋ ನೀರಿಗೆ. ನೀರಿನ ಖರ್ಚಲ್ಲಿ ಪದೇ ಪದೇ ಬರೋ ಬಿಲ್ ಯಾವುದು? ಬೋರ್‌ವೆಲ್ ಮೋಟಾರ್ ರಿಪೇರಿ. ಮೋಟಾರ್ ಸುಟ್ಟಿತು, ಎತ್ತಿದ್ವಿ, ರಿವೈಂಡಿಂಗ್ ಮಾಡಿಸಿದ್ವಿ, ಕೇಬಲ್ ಹಾಕಿದ್ವಿ, ಇಳಿಸಿದ್ವಿ. ಇದರಲ್ಲಿ ಕಳ್ಳತನ ಮಾಡೋದು ಸುಲಭ, ಯಾಕಂದ್ರೆ ವಸ್ತು ನೂರಾರು ಅಡಿ ನೆಲದೊಳಗಿದೆ, ಇಣುಕಿ ನೋಡೋರಿಲ್ಲ. ಆಗದ ರಿಪೇರಿಗೆ ಬಿಲ್ ಬರಬಹುದು. ರಿವೈಂಡಿಂಗ್ ಮಾಡಿಸಿ ಹೊಸ ಮೋಟಾರಿನ ಬಿಲ್ ಇಡಬಹುದು. ಐದು ಎಚ್‌ಪಿ ಇಳಿಸಿ ಏಳೂವರೆ ಎಚ್‌ಪಿ ಅಂತ ಬರೀಬಹುದು.

ಇದನ್ನ ಹಿಡಿಯೋರು ಯಾರು? ಮೋಟಾರ್ ಸುಟ್ಟ ದಿನ ಊರ ಹೆಂಗಸರಿಗೆ ಗೊತ್ತು! ಅವತ್ತು ನಲ್ಲೀಲಿ ನೀರು ಬಂದಿಲ್ಲ, ಕೊಡ ತಗೊಂಡು ತೋಟದ ಪಂಪ್‌ಸೆಟ್ಟಿಗೆ ಹೋಗಿದ್ದು ಅವರೇ. ಯಾವ ಕೇರಿಗೆ ಎಷ್ಟು ದಿನ ನೀರು ನಿಂತಿತ್ತು, ಯಾವ ಹಬ್ಬದ ಹಿಂದಿನ ದಿನ ಮತ್ತೆ ಬಂತು, ಎಲ್ಲ ಬಾಯಲ್ಲೇ ಇರುತ್ತೆ. ಬಿಲ್ಲಲ್ಲಿರೋ ತಾರೀಕು ನೋಡಿ ಅಧ್ಯಕ್ಷೆ ಕೇಳೋದು ಒಂದೇ ಮಾತು: "ಆ ವಾರ ನೀರು ಬರ್ತಾನೇ ಇತ್ತಲ್ಲಾ, ಎತ್ತಿದ್ದು ಯಾವಾಗ? ನೀರಗಂಟೀನ ಕರೀರಿ." ಅಲ್ಲಿಗೆ ಮುಗೀತು. ಎಂಜಿನಿಯರ್ ಬೇಡ, ಆಡಿಟರ್ ಬೇಡ. ಆದರೆ ಆ ಮಾತು ಬರಬೇಕಾದ್ರೆ ಬಿಲ್ ಆಕೆ ಮುಂದೆ ಬರಬೇಕು. ಬಿಲ್ ಆಕೆ ಮುಂದೆ ಬರೋದು ಡೋಂಗಲ್ ಆಕೆ ಕೈಯಲ್ಲಿದ್ರೆ ಮಾತ್ರ.

ನಡುವೆ ಒಂದು ಮಾತು, ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಮಾಡ್ಕೊಳ್ಳಿ. ಈ ಸಂಚಿಕೆನ ನಿಮ್ಮೂರ ಪಂಚಾಯ್ತಿ ವಾಟ್ಸಾಪ್ ಗುಂಪಿಗೆ ಹಾಕಿ. ಗುಡ್ ಮಾರ್ನಿಂಗ್ ಹೂವಿನ ಫೋಟೋ ಒಂದು ದಿನ ತಪ್ಪಿದ್ರೆ ಏನೂ ಆಗಲ್ಲ.

ಈಗ ಅಧ್ಯಕ್ಷೆಯರಿಗೆ ನೇರವಾಗಿ. ಅಕ್ಕಾ, ಅಧಿಕಾರ ವಹಿಸ್ಕೊಂಡ ಮೇಲೆ ಹಾರ, ಶಾಲು, ಫೋಟೋ ಎಲ್ಲ ಆಗಲಿ, ಸಂತೋಷ. ಆಮೇಲೆ ಡಿಜಿಟಲ್ ಸಹಿಗೆ ಅರ್ಜಿ ತುಂಬೋವಾಗ ಪಕ್ಕದಲ್ಲೇ ಕೂತ್ಕೊಳ್ಳಿ. ಮೊಬೈಲ್ ನಂಬರ್ ನಿಮ್ಮದು ಕೊಡಿ. ನಿಮ್ಮ ಹೆಸರಲ್ಲಿ ಸಿಮ್ ಇಲ್ವಾ? ಮೊದಲು ಅದನ್ನ ತಗೊಳ್ಳಿ. ಡೋಂಗಲ್ ಬಂದ ದಿನಾನೇ ಅದರ ಜೊತೆ ಬಂದ ಪಿನ್ ಬದಲಾಯಿಸಿ. ಒಂದರಿಂದ ಎಂಟರವರೆಗೆ ಸಾಲಾಗಿ ಒತ್ತೋ ಪಿನ್ ಬೇಡ, ಮಕ್ಕಳ ಹುಟ್ಟಿದ ತಾರೀಕೂ ಬೇಡ, ಅದು ಊರಿಗೆಲ್ಲ ಗೊತ್ತು. ಎಲ್ಲೂ ಬರೆದು ಅಂಟಿಸಬೇಡಿ. ತಪ್ಪು ಪಿನ್ ಮೇಲಿಂದ ಮೇಲೆ ಒತ್ತಿದ್ರೆ ಡೋಂಗಲ್ ಲಾಕ್ ಆಗುತ್ತೆ. ಆ ಭಯಕ್ಕೇ ಎಷ್ಟೋ ಜನ ಆಪರೇಟರ್‌ಗೆ ಪಿನ್ ಹೇಳ್ಬಿಡ್ತಾರೆ. ಮೊದಲ ನಾಲ್ಕು ಸಲ ನಿಧಾನಕ್ಕೆ ನೀವೇ ಒತ್ತಿ, ಕೈಗೆ ಕೂರುತ್ತೆ.

ಪಾವತಿಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಅವತ್ತು ಕಚೇರಿಗೆ ನೀವೇ ಹೋಗಿ. ಪ್ರತಿ ಬಿಲ್ಲಿಗೂ ಕಡತ ಮುಂದಿಡೋಕೆ ಹೇಳಿ. ಈ ಕೆಲಸ ಕ್ರಿಯಾ ಯೋಜನೆಯಲ್ಲಿ ಇದೆಯಾ? ಸಾಮಾನ್ಯ ಸಭೆ ನಡಾವಳಿಯಲ್ಲಿ ಯಾವ ತಾರೀಕಿನ, ಎಷ್ಟನೇ ನಿರ್ಣಯ? ಕಾಮಗಾರಿ ಆದ್ರೆ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದಿದ್ದಾರಾ? ದುಡ್ಡು ಹೋಗೋ ಖಾತೆ ಬಿಲ್ ಕೊಟ್ಟವನದ್ದೇನಾ? ಮಾಮೂಲಾಗಿ ಎಡವೋದು ಎರಡನೇ ಪ್ರಶ್ನೇಲಿ. ನಡಾವಳಿ ಪುಸ್ತಕದಲ್ಲಿ ಸದಸ್ಯರ ಹಾಜರಿ ಸಹಿ ಮೊದಲೇ ಹಾಕಿಸ್ಕೊಂಡು, ನಿರ್ಣಯಕ್ಕೆ ಜಾಗ ಖಾಲಿ ಬಿಟ್ಟು, ಆಮೇಲೆ ಬೇಕಾದ್ದು ತುಂಬಿಸ್ತಾರೆ. ಖಾಲಿ ಜಾಗ ಕಂಡ್ರೆ ಅಡ್ಡಗೆರೆ ಎಳೀರಿ. ಎಲ್ಲ ಸರಿ ಇದ್ರೆ ಪಿನ್ ಒತ್ತಿ, ವೋಚರ್ ನಂಬರೂ ಮೊತ್ತಾನೂ ನಿಮ್ಮ ನೋಟ್ ಪುಸ್ತಕದಲ್ಲಿ ಬರ್ಕೊಂಡು, ಡೋಂಗಲ್ ಕಿತ್ತು ಬ್ಯಾಗಿಗೆ ಹಾಕ್ಕೊಂಡು ಮನೆಗೆ ಬನ್ನಿ. ಅವಧಿ ಮುಗಿದ ದಿನ ನಿಮ್ಮ ಸಹಿ ರದ್ದು ಮಾಡಿಸಿ ಲಿಖಿತವಾಗಿ ತಗೊಳ್ಳಿ. 2021ರಲ್ಲಿ ಆಯ್ಕೆಯಾದ ಅಧ್ಯಕ್ಷರ ಅವಧಿ 30 ತಿಂಗಳು, 2023ರ ಮಧ್ಯದಲ್ಲಿ ಹೊಸಬರು ಬಂದ್ರು. ಇಂಥ ಕೈ ಬದಲಾಗೋ ಸಂದೀಲೇ ಹಳೇ ಡೋಂಗಲ್ ದುರುಪಯೋಗ ಆಗೋದು.

"ಓದೋಕೆ ಬರದೇ ಇದ್ರೆ?" ಅಂತ ಕೇಳ್ತಾರೆ. ಪಂಚಾಯ್ತಿಗೆ ನಿಲ್ಲೋಕೆ ಕರ್ನಾಟಕದಲ್ಲಿ ಓದಿನ ಷರತ್ತಿಲ್ಲ, ಇರಲೂಬಾರದು. ಹರಿಯಾಣದಲ್ಲಿ ಹಾಕಿದ್ರು, 2015ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡೀತು, ಅದು ಅನ್ಯಾಯ ಅಂತಾನೇ ನನ್ನ ಮಾತು. ಓದೋಕೆ ಬರಲ್ಲ ಅಂದ್ರೆ ಇನ್ನೊಬ್ಬ ಸದಸ್ಯೆ ಗಟ್ಟಿಯಾಗಿ ಓದಲಿ, ಎಲ್ಲರಿಗೂ ಕೇಳಲಿ. ಮೋಟಾರ್ ಸುಟ್ಟ ದಿನ ನೆನಪಿಟ್ಕೊಳ್ಳೋಕೆ ಎಸ್‌ಎಸ್‌ಎಲ್‌ಸಿ ಬೇಡ.

"ಗಂಡ ಸಹಾಯ ಮಾಡಿದ್ರೆ ತಪ್ಪೇನು?" ಮನೇಲಿ ಮಾಡಲಿ. ರಾತ್ರಿ ಊಟ ಆದ್ಮೇಲೆ ಕೂತು ಕಾಯ್ದೆ ವಿವರಿಸಲಿ, ಕಚೇರಿಗೆ ಬೈಕಲ್ಲಿ ಬಿಟ್ಟು ಬರಲಿ. ಅವನ ಸಹಾಯ ಕಚೇರಿ ಹೊಸಲಿಗೆ ಮುಗೀಬೇಕು. ಅಧ್ಯಕ್ಷರ ಕುರ್ಚಿ ಪಕ್ಕ ಕುರ್ಚಿ ಹಾಕ್ಕೊಂಡು ಕೂರೋದು ಸಹಾಯ ಅಲ್ಲ. ಡೋಂಗಲ್ ಜೇಬಿಗೆ ಇಳಿಸಿ ಮೋಸದಿಂದ ಆಕೆ ಸಹಿ ಒತ್ತೋದು ಅಪರಾಧ. ಗಟ್ಟಿಯಾಗಿ ಹೇಳ್ತೀನಿ, ಅಪರಾಧ! ಬೇರೆಯವರ ಎಲೆಕ್ಟ್ರಾನಿಕ್ ಸಹಿ, ಪಾಸ್‌ವರ್ಡ್ ಮೋಸದಿಂದ ಬಳಸಿದ್ರೆ ಐಟಿ ಕಾಯ್ದೆ 66ಸಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಅದೇ ಕಾಯ್ದೆಯ 42ನೇ ಕಲಂ ನೋಡಿ, ಅದು ಇನ್ನೂ ಭಯ ಹುಟ್ಟಿಸುತ್ತೆ. ಡಿಜಿಟಲ್ ಸಹಿಯನ್ನ ಕಾಪಾಡ್ಕೊಳ್ಳೋ ಹೊಣೆ ಸಹಿ ಯಾರ ಹೆಸರಲ್ಲಿದೆಯೋ ಅವರದ್ದು. ಕೈ ತಪ್ಪಿದ್ರೆ ತಡ ಮಾಡದೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕು, ತಿಳಿಸೋವರೆಗೂ ಹೊಣೆ ಅವರ ತಲೆ ಮೇಲೇ. ಅಂದ್ರೆ ಗಂಡ ಪಿನ್ ಒತ್ತಿದ್ದು, ಗುತ್ತಿಗೆದಾರ ತಿಂದಿದ್ದು, ಆಡಿಟ್ ಆಕ್ಷೇಪಣೆ ಬಂದಾಗ ವಸೂಲಾತಿ ನೋಟಿಸ್ ಮಾತ್ರ ಆಕೆ ಹೆಸರಿಗೆ! ಹೊಲ ಯಾರೋ ಮೇಯ್ದು, ದಂಡ ಇನ್ಯಾರೋ ಕಟ್ಟೋ ಲೆಕ್ಕ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ನೇಮಿಸಿದ ಸಮಿತಿ ಈ ಗಂಡಂದಿರ ದರ್ಬಾರಿನ ಬಗ್ಗೆ 2025ರಲ್ಲಿ ವರದಿ ಕೊಟ್ಟು, ಕಠಿಣ ದಂಡ ಹಾಕಿ ಅಂತ ಶಿಫಾರಸು ಮಾಡಿದೆ. ಹಾಕಲಿ. ಆದರೆ ಅದಕ್ಕೂ ಮೊದಲು, ಅಧಿಕಾರಿಗಳು ಪಂಚಾಯ್ತಿಗೆ ಭೇಟಿ ಕೊಟ್ಟಾಗ ಒಂದೇ ಒಂದು ಮಾತು ಕೇಳಲಿ. "ಅಧ್ಯಕ್ಷರೇ, ನಿಮ್ಮ ಡೋಂಗಲ್ ತೋರಿಸಿ." ಆಕೆ ಬ್ಯಾಗಿಂದ ತೆಗೆದ್ರೆ ಸರಿ. ಡ್ರಾಯರ್ ಕಡೆ ನೋಡಿದ್ರೆ, ಬಾಗಿಲ ಹೊರಗೆ ನಿಂತವನ ಕಡೆ ನೋಡಿದ್ರೆ, ಅಲ್ಲೇ ವರದಿ ಬರೀಲಿ. ಐದು ನಿಮಿಷದ ಕೆಲಸ ಸ್ವಾಮಿ! ಯಾಕ್ರೀ ಮಾಡಲ್ಲ?

ಇನ್ನೊಂದು ವಾದ. "ಲೆಕ್ಕ ಕೇಳೋಕೆ ಹೋದ ಅಧ್ಯಕ್ಷೆ ಮೇಲೆ ಅವಿಶ್ವಾಸ ತರ್ತಾರೆ." ತರ್ತಾರೆ, ನಿಜ. ಮೂರನೇ ಎರಡರಷ್ಟು ಸದಸ್ಯರು ಒಂದಾದ್ರೆ ಕುರ್ಚಿ ಹೋಗುತ್ತೆ. ಹೋಗಲಿ! ನೋಟ್ ಪುಸ್ತಕದಲ್ಲಿ ವೋಚರ್ ನಂಬರ್ ಇರುತ್ತಲ್ಲ, ಗ್ರಾಮಸಭೇಲಿ ಓದಲಿ. ಮಹಿಳಾ ಗ್ರಾಮಸಭೇಲಿ ಓದಲಿ. ಪಂಚಾಯ್ತಿ ಲೆಕ್ಕನ ಊರ ಮುಂದೆ ತೆರೆದಿಡೋ ಜಮಾಬಂದಿ ದಿನ ಎದ್ದು ನಿಂತು ಓದಲಿ. ಆ ಸದಸ್ಯರಲ್ಲಿ ಅರ್ಧ ಜನ ಹೆಣ್ಣುಮಕ್ಕಳು, ಅವರೂ ಕೇಳಿಸ್ಕೊಳ್ಳಲಿ.

"ಗಂಡಸರು ಅಧ್ಯಕ್ಷರಾದಾಗ ಓದಿ ಸಹಿ ಹಾಕ್ತಾರಾ?" ಇಲ್ಲ, ಎಷ್ಟೋ ಜನ ಹಾಕಲ್ಲ. ಅವರಿಗೂ ಇದೇ ಮಾತು. ಆದರೆ ಗಂಡಸೊಬ್ಬ ಓದದೆ ಸಹಿ ಹಾಕಿದ್ರೆ ಅವನೊಬ್ಬ ದಡ್ಡ ಅಂತೀರಿ. ಹೆಂಗಸು ಹಾಕಿದ್ರೆ ಹೆಂಗಸರಿಗೆ ಅಧಿಕಾರವೇ ಬೇಡ ಅಂತೀರಿ. ಇದು ಯಾವ ನ್ಯಾಯ?

ನನ್ನನ್ನ ಕೇಳಬೇಡಿ "ಬದಲಾವಣೆ ಎಲ್ಲಿ" ಅಂತ. ಡೋಂಗಲ್ ಎಲ್ಲಿದೆ ಹೇಳಿ, ಬದಲಾವಣೆ ಎಲ್ಲಿದೆ ಅಂತ ನಾನು ಹೇಳ್ತೀನಿ. ಕಾಮೆಂಟ್ ಬರೆದ ಅಣ್ಣಾ, ನಾಳೆ ಬೆಳಿಗ್ಗೆ ನಿಮ್ಮ ಪಂಚಾಯ್ತಿಗೆ ಹೋಗಿ ವಿಚಾರಿಸಿ, ಬಂದು ಇಲ್ಲೇ ಬರೀರಿ. ಎಲ್ಲರೂ ಬರೀರಿ. ಆಕೆ ಕೈಯಲ್ಲಿದ್ರೆ "ಅಧ್ಯಕ್ಷರ ಹತ್ತಿರ" ಅಂತ ಬರೀರಿ, ಇಲ್ಲದಿದ್ರೆ ಯಾರ ಹತ್ತಿರ ಅಂತ ಬರೀರಿ. ಹೆಸರು ಬೇಡ, ಗಂಡ, ಮೈದುನ, ಆಪರೇಟರ್, ಗುತ್ತಿಗೆದಾರ, ಅಷ್ಟು ಸಾಕು. ಮುಂದಿನ ವಾರ ಆ ಉತ್ತರಗಳನ್ನ ಓದ್ತೀನಿ, ಜೊತೆಗೆ ನಡಾವಳಿ ಪುಸ್ತಕ ಓದೋದು ಹೇಗೆ ಅಂತ ಪುಟ ತೆರೆದು ತೋರಿಸ್ತೀನಿ. ಗಂಟೆ ಗುರುತು ಒತ್ತಿಡಿ. ನಮಸ್ಕಾರ.