ಹಿತ್ತಲ ಕೋಳಿಗೆ ಹುಳದ ಮೇವು: ಬ್ಲ್ಯಾಕ್ ಸೋಲ್ಜರ್ ಫ್ಲೈ ಡ್ರಮ್ ಇಡುವುದು ಹೇಗೆ?

[ದೃಶ್ಯ: ಹಿತ್ತಲು. ಮಾವಿನ ಮರದ ಕೆಳಗೆ ಪ್ಲಾಸ್ಟಿಕ್ ಡ್ರಮ್. ಸುತ್ತ ನಾಟಿ ಕೋಳಿಗಳು.]

ನಮಸ್ಕಾರ. ದಾವಣಗೆರೆ ಸುತ್ತಮುತ್ತ ಕೋಳಿ ಸಾಕುವವರು ಈ ಹುಳವನ್ನು ತಿಪ್ಪೆಯಲ್ಲಿ ನೋಡಿಯೇ ಇರುತ್ತೀರಿ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿ ಇದು.

[ಹತ್ತಿರದಿಂದ: ಅಂಗೈ ಮೇಲೆ ಹುಳ]

ಚಪ್ಪಟೆ ಮೈ, ಸಾಲು ಸಾಲು ಉಂಗುರ, ಒರಟು ಚರ್ಮ, ಕಾಲಿಲ್ಲ. ಗೊಣ್ಣೆಹುಳಕ್ಕೆ ಕಾಲಿರುತ್ತದೆ, ಮೈ ಬಾಗಿಸಿ ಮಲಗಿರುತ್ತದೆ, ಬೇರು ತಿನ್ನುತ್ತದೆ. ಇದು ಬೇರಿನ ತಂಟೆಗೆ ಹೋಗುವುದಿಲ್ಲ, ಕೊಳೆತದ್ದು ಸಿಕ್ಕರೆ ಸಾಕು.

"ಏನು, ನೊಣ ಸಾಕ್ತೀರಾ?" ಅಂತ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಇದು ಕಚ್ಚುವುದಿಲ್ಲ, ಅನ್ನದ ಮೇಲೆ ಬಂದು ಕೂರುವ ಜಾತಿಯೂ ಅಲ್ಲ. ಮರಿಯಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಇನ್ನೊಂದು ಲಾಭ: ಈ ಹುಳ ತುಂಬಿದ ಕಡೆ ಮನೆನೊಣದ ಕಾಟ ಕಮ್ಮಿ.

ನೊಣ ಕರೆಸೋದು ಹೇಗೆ? ನಮ್ಮಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ, ಅಲ್ವಾ? ಒಂದೆರಡು ಹಿಡಿ ನುಚ್ಚನ್ನು ನೆನೆಸಿ, ಹುಳಿ ಬರುವ ತನಕ ಬಿಡಿ. ಅದನ್ನು ಡ್ರಮ್ಮಿಗೆ ಹಾಕಿ, ಮೇಲೆ ರಟ್ಟಿನ ತುಂಡು ಕಟ್ಟಿ. ರಟ್ಟು ನೆನೆಯಬಾರದು. ಅದರ ಸಂದಿಯಲ್ಲಿ ಒಂದು ನೊಣ 500ರ ಆಸುಪಾಸು ಮೊಟ್ಟೆ ಇಡುತ್ತದೆ. ಸುಮಾರು 4 ದಿನಕ್ಕೆ ಮರಿ.

[ದೃಶ್ಯ: ತರಕಾರಿ ಸಿಪ್ಪೆ ಹಾಕುವುದು]

ಸಿಪ್ಪೆ, ಹಳಸಿದ ಅನ್ನ, ಕೊಳೆತ ಹಣ್ಣು ಎಲ್ಲ ನಡೆಯುತ್ತದೆ. ಚನ್ನಗಿರಿ ಕಡೆಯವರೇ, ಅಡಿಕೆ ಸಿಪ್ಪೆ ಹಾಕಬೇಡಿ. ನಾರು ಇದಕ್ಕೆ ಜೀರ್ಣವಾಗುವುದಿಲ್ಲ, ಹಾಗೇ ಉಳಿಯುತ್ತದೆ. ಉಪ್ಪಿನಕಾಯಿ, ಎಣ್ಣೆ, ಮಾಂಸವೂ ಬೇಡ.

ಡ್ರಮ್ ಕೆಡೋದು ಜಾಸ್ತಿ ನೀರಿನಿಂದಲೇ. ಮುಸುರೆಯನ್ನು ನೀರು ಸಮೇತ ಸುರಿದರೆ ಗಾಳಿಯಾಡದೆ ಗಬ್ಬು ನಾರುತ್ತದೆ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಅಷ್ಟೇ. ಧಾರೆ ಬಂತೋ, ತೌಡು ಬೆರೆಸಿ. ಡ್ರಮ್ಮಿನ ತಳಕ್ಕೆ ತೂತು ಬೇಕೇ ಬೇಕು. ನೆರಳೂ ಬೇಕು: ಹುಳದ ಗುಂಪು ತಾನೇ ಬಿಸಿಯಾಗುತ್ತದೆ, ಮೇಲೆ ನಮ್ಮ ಏಪ್ರಿಲ್ ಬಿಸಿಲು ಬೇರೆ!

[ಹತ್ತಿರದಿಂದ: ಹಲಗೆ ಹತ್ತುತ್ತಿರುವ ಕಪ್ಪು ಹುಳ]

ನನಗೆ ಇಷ್ಟವಾದ ಭಾಗ ಇದು. ಎರಡು-ಮೂರು ವಾರಕ್ಕೆ ಹುಳ ಕಪ್ಪಾಗಿ, ತಿನ್ನೋದು ಬಿಟ್ಟು, ಒಣ ಜಾಗ ಹುಡುಕಿಕೊಂಡು ಹೊರಡುತ್ತದೆ. ಒಳಗಿನಿಂದ ಓರೆಯಾಗಿ ಒಂದು ಹಲಗೆ ಇಟ್ಟು, ತುದಿಗೆ ಬಕೆಟ್ ತೂಗುಹಾಕಿ. ತಾವೇ ಹತ್ತಿ ಬಂದು ಬೀಳುತ್ತವೆ. ಬಕೆಟ್ ಒಣಗಿರಲಿ. ಒದ್ದೆ ಗೋಡೆಯಾದರೆ ಹತ್ತಿ ಪರಾರಿ! ಒಂದಿಷ್ಟನ್ನು ನೊಣವಾಗಲು ಬಿಡಿ, ಮುಂದಿನ ಮೊಟ್ಟೆ ಅವುಗಳದ್ದೇ.

ಒಣತೂಕದಲ್ಲಿ ಸುಮಾರು 40% ಪ್ರೋಟೀನ್ ಇದೆ, ಕೊಬ್ಬೂ ಸಾಕಷ್ಟು. ಅದಕ್ಕೇ ಇದು ಪೂರ್ತಿ ಮೇವಲ್ಲ. ಕಾಳಿನ ಜೊತೆ ಸ್ವಲ್ಪ ಎರಚಿ. ಕೋಳಿ ಹಿಕ್ಕೆಯಲ್ಲಿ ಬೆಳೆಸಿದ ಹುಳವನ್ನು ಕೋಳಿಗೇ ಹಾಕಬೇಡಿ, ರೋಗ ಸುತ್ತಿಕೊಂಡು ಬರುತ್ತದೆ.

ತಳದಲ್ಲಿ ಉಳಿದ ಪುಡಿ ಇನ್ನೂ ಹಸಿ ಗೊಬ್ಬರ. ಗಿಡದ ಬುಡಕ್ಕೆ ಸುಮ್ನೆ ಸುರಿಯಬೇಡಿ. ಎರೆಹುಳುವಿನ ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಸೇರಿಸಿ, ಇಲ್ಲ ಒಣ ತರಗೆಲೆ ಬೆರೆಸಿ ಒಂದು ತಿಂಗಳು ಮಾಗಲು ಬಿಡಿ. ಆಮೇಲೆ ಬದನೆಗೂ ಹಾಕಿ, ನುಗ್ಗೆಗೂ ಹಾಕಿ.